ಸ್ಲೇಟು ತುಂಬುವಷ್ಟು ಹೊತ್ತು

ಆ ಭಾನುವಾರ ಮಧ್ಯಾಹ್ನ ಮೈದುನ ತನ್ನ ಫೋನನ್ನು ಎಲ್ಲರಿಗೂ ಕಾಣುವಂತೆ ಮೇಜಿನ ನಟ್ಟನಡುವೆ ಇಟ್ಟಿದ್ದ. ಪರದೆಯ ಮೇಲೆ ಅಂಕಿಗಳು ಓಡುತ್ತಿದ್ದವು. ಬೆರಳೊತ್ತಿ ಅವನ್ನು ನಿಲ್ಲಿಸಿದವನೇ ಹೇಳಿದ: "ನಲವತ್ತೇಳು ನಿಮಿಷ ಅತ್ತಿಗೆ. ಒಂದು ಬಾಗಿಲು ತೆಗೆಯೋಕೆ. ಅಷ್ಟು ಕಷ್ಟಪಟ್ಟು ತೆಗೆದ್ವಲ್ಲ, ಹಿಂದೆ ಏನಿತ್ತು? ಇನ್ನೊಂದು ಬಾಗಿಲು!"

ಲಿಫ್ಟ್ ಮೆಕ್ಯಾನಿಕ್ ಕಿಸಕ್ಕನೆ ನಕ್ಕ. ಓರಗಿತ್ತಿ ನಗಲಿಲ್ಲ, ಆದರೆ ಕೈಗಡಿಯಾರ ನೋಡಿಕೊಂಡಳು. ಅದು ನಗುವುದಕ್ಕಿಂತ ಕೆಟ್ಟದ್ದು. ಗಂಡ ತೊಡೆಯ ಮೇಲಿನ ಸ್ಲೇಟಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ಗೋಡೆ ನೋಡುತ್ತಿದ್ದ. ಹಲ್ಲಕ್ಕನ ಕಿವಿ ಬಿಸಿಯಾಯಿತು.

"ಆ ಬಾಗಿಲ ಮೇಲೆ ಕೆತ್ತನೆ ಇತ್ತು," ಅಂದಳು. "ಅದನ್ನ ಹೇಳದೆ ಹ್ಯಾಗೆ?"

"ಹೇಳಿ, ಬೇಡ ಅಂದೋರು ಯಾರು? ಆದ್ರೆ ಅದನ್ನ ಕೆತ್ತಿದವನೂ ಇಷ್ಟು ಹೊತ್ತು ತಗೊಂಡಿರಲ್ಲ."

ಹಲ್ಲಕ್ಕ ಎಂಬುದು ಲಿಫ್ಟ್ ಮೆಕ್ಯಾನಿಕ್ ಇಟ್ಟ ಅಡ್ಡಹೆಸರು. ಅವಳು ಕಟ್ಟುಹಲ್ಲು ತಯಾರಿಸುವವಳು. ದಂತವೈದ್ಯರು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಸುರಿದು ದವಡೆ ಮಾಡುವುದು, ಅದರ ಮೇಲೆ ಮೇಣ ಕೂರಿಸಿ ಒಂದೊಂದೇ ಹಲ್ಲು ಜೋಡಿಸುವುದು, ಉಜ್ಜುವುದು, ಮತ್ತೆ ಉಜ್ಜುವುದು: ಇಪ್ಪತ್ತಾರು ವರ್ಷಗಳಿಂದ ಇದೇ ಕೆಲಸ. ಊರಿನ ಅರ್ಧದಷ್ಟು ಮುದುಕರು ಬಾಯ್ತುಂಬ ನಗುತ್ತಿದ್ದದ್ದು ಅವಳ ಕೃಪೆಯಿಂದ. ಆ ಕೆಲಸದಲ್ಲಿ ಅವಸರಕ್ಕೆ ಜಾಗವಿಲ್ಲ. ಪ್ಲಾಸ್ಟರ್ ತನಗೆ ಮನಸ್ಸು ಬಂದಾಗ ಗಟ್ಟಿಯಾಗುತ್ತದೆ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಯಾರದೋ ಒಸಡು ಹುಣ್ಣಾಗುತ್ತದೆ. ಅವಳು ಕೆಲಸ ಮಾಡುವಾಗ ಪಕ್ಕದಲ್ಲಿಟ್ಟ ಚಹಾ ಕೆನೆಗಟ್ಟುವುದು ಮಾಮೂಲು.

ಅದೇ ಕೆಲಸದ ಕೋಣೆಯಲ್ಲಿ ಪ್ರತಿ ಭಾನುವಾರ ಎರಡರಿಂದ ಆರರವರೆಗೆ ಆಟ. ಉದ್ದ ಮೇಜಿನ ಮೇಲಿನ ಬಿಳಿ ಧೂಳು ಒರೆಸಿ ಐದು ಸ್ಟೂಲು ಎಳೆದುಕೊಂಡರೆ ಆಯಿತು. ಗೋಡೆಯ ಕಪಾಟುಗಳಲ್ಲಿ ಸಾಲಾಗಿ ಕೂತ ಪ್ಲಾಸ್ಟರ್ ದವಡೆಗಳೇ ಪ್ರೇಕ್ಷಕರು. ಬಾಯಲ್ಲೇ ಆಡುವ ಆಟ ಅದು. ಒಬ್ಬೊಬ್ಬರದು ಒಂದೊಂದು ಪಾತ್ರ. ಒಬ್ಬ ಮಾತ್ರ ಕಥೆ ನಡೆಸುವವನು. ಎದುರಿಗೆ ಏನಿದೆ ಎಂದು ಅವನು ಹೇಳುತ್ತಾನೆ, ಮಿಕ್ಕವರು ತಾವೇನು ಮಾಡುತ್ತೇವೆಂದು ಹೇಳುತ್ತಾರೆ, ಅನುಮಾನ ಬಂದಲ್ಲಿ ದಾಳ ಉರುಳಿಸುತ್ತಾರೆ. ಕಥೆ ನಡೆಸುವವನಿಗೆ ಗೇಮ್ ಮಾಸ್ಟರ್ ಎನ್ನುತ್ತಾರೆ. ಇವರ ಬಾಯಲ್ಲಿ ಬರೀ 'ಮಾಸ್ಟರ್'.

ಒಂಬತ್ತು ವರ್ಷ ಮಾಸ್ಟರ್ ಆಗಿದ್ದವನು ಅವಳ ಗಂಡ. ತರಕಾರಿ ಮಂಡಿಯಲ್ಲಿ ಹರಾಜು ಕೂಗುವುದು ಅವನ ವೃತ್ತಿ. ಬೆಳಗ್ಗೆ ಐದಕ್ಕೆ ಮಂಡಿಯಲ್ಲಿ ಅವನು ಗಂಟಲು ಬಿಚ್ಚಿದರೆ ಮುಖ್ಯರಸ್ತೆಯವರೆಗೂ ಕೇಳುತ್ತಿತ್ತು. ಅಂಥ ಗಂಟಲಲ್ಲೇ ಗಡ್ಡೆ ಬೆಳೆಯಿತು. ಶಸ್ತ್ರಚಿಕಿತ್ಸೆ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ಮಾತು ಹೋಯಿತು. ಮಂಡಿಯವರು ಅವನನ್ನು ತೂಕದ ಕೋಣೆಯಲ್ಲಿ ಚೀಟಿ ಬರೆಯಲು ಕೂರಿಸಿದರು. ಮನೆಯಲ್ಲಿ ಸ್ಲೇಟು, ಬಳಪ ಬಂದವು.

ಆಸ್ಪತ್ರೆಯಿಂದ ಬಂದ ಎರಡೇ ವಾರಕ್ಕೆ ಮೈದುನ ಬಂದು, "ಅಣ್ಣಾ, ಇನ್ನು ಮೇಲೆ ಆಟ ನಾನು ನಡೆಸ್ತೀನಿ ಬಿಡು," ಅಂದಿದ್ದ. ಅವನು ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವನು. ಪಕ್ಕದ ಸೀಟಿನಲ್ಲಿ ಕೂತು ಇನ್ನೊಬ್ಬರ ಬ್ರೇಕ್ ತಾನೇ ಒತ್ತಿ ಒತ್ತಿ ಅಭ್ಯಾಸ. ಗಂಡ ಸ್ಲೇಟು ತೆಗೆದುಕೊಂಡು ಬರೆದ: 'ನೀನು ಬೇಡ.' ಒರೆಸಿ, ಹೆಂಡತಿಯ ಕಡೆ ಬಳಪ ತೋರಿಸಿ ಮತ್ತೆ ಬರೆದ: 'ಇವಳು.'

ಅವಳಿಗೆ ಆಗ ಕಣ್ಣು ತುಂಬಿ ಬಂದಿತ್ತು. ತನ್ನ ಮೇಲಿನ ಭರವಸೆ ಅಂದುಕೊಂಡಿದ್ದಳು, ಪೆದ್ದಿ.

ಮೊದಲ ಆರು ತಿಂಗಳು ಅವಳು ಹಲ್ಲು ಜೋಡಿಸಿದ ಹಾಗೆಯೇ ಕಥೆ ಜೋಡಿಸಿದಳು. ವಾರವೆಲ್ಲ ಕೂತು ಏಳೆಂಟು ದೃಶ್ಯ ಬರೆಯುತ್ತಿದ್ದಳು. ಉಪ್ಪಿನ ಮರುಭೂಮಿ, ಅದರ ನಡುವೆ ಕೋಟೆ, ಕೋಟೆಯ ಪ್ರತಿ ಕಲ್ಲಿನ ಬಣ್ಣ. ಆರು ಗಂಟೆಗೆ ಎರಡನೇ ದೃಶ್ಯವೂ ಮುಗಿದಿರುತ್ತಿರಲಿಲ್ಲ. ಓರಗಿತ್ತಿ ಔಷಧಿ ಅಂಗಡಿಯವಳು, ಆರೂವರೆಗೆ ಬಾಗಿಲು ತೆಗೆಯಲೇಬೇಕು. ಯುದ್ಧದ ಮಧ್ಯೆ ಎದ್ದು ಚೀಲ ಹೆಗಲಿಗೇರಿಸಿಕೊಳ್ಳುತ್ತಾ, "ನನ್ನ ಬಿಲ್ಲುಗಾತಿ ಮೂರು ವಾರದಿಂದ ಬಾಣ ಹೂಡ್ಕೊಂಡೇ ನಿಂತಿದಾಳೆ ಅಕ್ಕಾ. ಅವಳ ಕೈಯಾದ್ರೂ ನೋಯಲ್ವಾ?" ಎಂದು ಕೇಳಿ ಹೋಗುತ್ತಿದ್ದಳು.

ಇದರ ಮೇಲೆ ಸ್ಲೇಟಿನ ರಗಳೆ. ಗಂಡ ಈಗ ಆಟಗಾರನಾಗಿದ್ದ, ಮುದಿ ಅಂಬಿಗನ ಪಾತ್ರ. ಸರದಿ ಬಂದಾಗ ಅವನು ಬರೆಯಬೇಕು, ಉಳಿದವರು ಕಾಯಬೇಕು. ಬಳಪ ಕಿರ್ರೆನ್ನುವ ಸದ್ದಿಗೆ ಲಿಫ್ಟ್ ಮೆಕ್ಯಾನಿಕ್ ಹಲ್ಲು ಕಚ್ಚುತ್ತಿದ್ದ. ಮೈದುನನಿಗೆ ಅಷ್ಟೂ ತಾಳ್ಮೆ ಇರಲಿಲ್ಲ. "ಅಣ್ಣ ಏನು ಬರೀತಾನೆ ಅಂತ ನಂಗೊತ್ತು. ದೋಣಿ ತಿರುಗಿಸ್ತಾನೆ. ಮುಂದಕ್ಕೆ ಹೋಗಿ," ಅನ್ನುತ್ತಿದ್ದ. ಗಂಡ ಬರೆಯುತ್ತಿದ್ದ ಪದವನ್ನು ಅರ್ಧಕ್ಕೇ ಅಂಗೈಯಿಂದ ಒರೆಸಿ, ಆ ಬಿಳಿ ಕೈಯನ್ನು ತಮ್ಮನ ಅಂಗಿಗೆ ಒರೆಸಿದ್ದೂ ಉಂಟು.

ನಲವತ್ತೇಳು ನಿಮಿಷದ ಅವಮಾನ ಆದ ಮಾರನೇ ವಾರದಿಂದ ಹಲ್ಲಕ್ಕ ಒಂದು ನೋಟ್‌ಬುಕ್ ಇಟ್ಟಳು. ಆಟದ ನಡುವೆ ಯಾರು ಎಷ್ಟು ನಿಮಿಷ ಮಾತಾಡಿದರೆಂದು ಗೀಟು ಎಳೆದಳು. ಒಂದು ತಿಂಗಳು ತುಟಿ ಪಿಟಕ್ಕೆನ್ನಲಿಲ್ಲ. ನಾಲ್ಕನೇ ಭಾನುವಾರ, ಮೈದುನ ಮತ್ತೆ ಫೋನ್ ತೆಗೆಯಹೋದಾಗ, ನೋಟ್‌ಬುಕ್ ಬಿಚ್ಚಿ ಗಟ್ಟಿಯಾಗಿ ಓದಿದಳು.

"ಹೋದ ಭಾನುವಾರ ಒಟ್ಟು ಇನ್ನೂರ ನಲವತ್ತು ನಿಮಿಷ. ಅದರಲ್ಲಿ ನಾನು ಎಪ್ಪತ್ಮೂರು. ಹೌದು, ಜಾಸ್ತಿನೇ, ತಪ್ಪು ನಂದು. ಲಿಫ್ಟ್ ಮೆಕ್ಯಾನಿಕ್ ಮೂವತ್ತು. ನಿನ್ನ ಹೆಂಡ್ತಿ ಇಪ್ಪತ್ತೊಂದು. ನಿಮ್ಮಣ್ಣ ಹನ್ನೆರಡು, ಬರೆಯೋ ಹೊತ್ತೂ ಸೇರಿ. ಚಹಾ, ಜಗಳ ಇಪ್ಪತ್ತು. ಮಿಕ್ಕಿದ್ದು ಎಂಬತ್ನಾಲ್ಕು. ಅದು ಯಾರದ್ದು ಅಂತ ಹೇಳ್ಬೇಕಾ?"

ಮೈದುನನ ಮುಖ ಕೆಂಪಾಯಿತು. "ಲೆಕ್ಕ ಇಡ್ತಿದ್ರಾ? ಬೆನ್ನ ಹಿಂದೆ?"

"ಬೆನ್ನ ಹಿಂದೆ ಏನು, ನಿನ್ನ ಮೂಗಿನ ಎದುರಿಗೇ ಬರೆದೆ. ನೀನು ಮಾತು ನಿಲ್ಲಿಸಿದ್ರೆ ಅಲ್ವಾ ಕಾಣೋದು?"

ಅವತ್ತು ಆಟ ಅಲ್ಲಿಗೇ ಮುರಿಯಿತು. ಗೆದ್ದೆನೆಂಬ ಹುಮ್ಮಸ್ಸಿನಲ್ಲಿ ಅವಳು ಮುಂದಿನ ವಾರಕ್ಕೆ ಪ್ಲಾಸ್ಟರ್ ಕಲಸುವಾಗ ಹೊತ್ತು ನೋಡುವ ಟೈಮರನ್ನೇ ಮೇಜಿನ ಮೇಲೆ ತಂದಿಟ್ಟಳು. ತಿರುಗಿಸಿ ಇಟ್ಟರೆ ಸರಿಯಾಗಿ ಒಂದೂವರೆ ನಿಮಿಷಕ್ಕೆ ಗಂಟೆ ಬಾರಿಸುವ ತಗಡಿನ ಡಬ್ಬಿ. ಯಾರೇ ಆಗಲಿ, ಗಂಟೆ ಹೊಡೆದರೆ ಸರದಿ ಮುಗಿಯಿತು.

ಮೊದಲ ಒಂದು ಗಂಟೆ ಎಲ್ಲ ಸುಸೂತ್ರವಾಗಿತ್ತು. ಮೈದುನನ ಬಾಯಿಗೆ ಎರಡು ಸಲ ಗಂಟೆ ಬಿತ್ತು. ಹಲ್ಲಕ್ಕನಿಗೆ ಹಾಲು ಕುಡಿದಷ್ಟು ಸಂತೋಷ. ಆಮೇಲೆ ಲಿಫ್ಟ್ ಮೆಕ್ಯಾನಿಕ್‌ನ ಪಾತ್ರ ಸಾಯುವ ಹೊತ್ತು ಬಂತು. ಎಂಟು ವರ್ಷ ಆಡಿದ ಪಾತ್ರ ಅದು, ಒಬ್ಬ ಕುಂಟ ವೈದ್ಯ. ಈಟಿ ಎದೆಗೆ ನಾಟಿತ್ತು. ಮೆಕ್ಯಾನಿಕ್ ಸ್ಟೂಲಿನಿಂದ ಇಳಿದು ನೆಲದ ಮೇಲೇ ಕೂತ. ಗ್ರೀಸು ಮೆತ್ತಿದ ಕೈಯನ್ನು ಎದೆಗಿಟ್ಟುಕೊಂಡು, ತನ್ನ ಔಷಧದ ಪೆಟ್ಟಿಗೆ ಯಾರಿಗೆ ಸೇರಬೇಕು ಎಂದು ಹೇಳತೊಡಗಿದ. ದನಿ ನಿಜವಾಗಿಯೂ ನಡುಗುತ್ತಿತ್ತು. ಓರಗಿತ್ತಿ ಮೂಗೊರೆಸಿಕೊಂಡಳು. "ಆ ಪೆಟ್ಟಿಗೆ ತಳದಲ್ಲಿ ಒಂದು ಕಾಗದ ಇದೆ, ಅದನ್ನ ನನ್ನ ಮಗಳಿಗೆ..."

ಟ್ರಿಣ್ ಎಂದು ಡಬ್ಬಿ ಕಿರುಚಿತು.

ಮೆಕ್ಯಾನಿಕ್ ನೆಲದಿಂದ ನಿಧಾನವಾಗಿ ಎದ್ದು ಪ್ಯಾಂಟು ಕೊಡವಿಕೊಂಡ. "ಹಲ್ಲಕ್ಕಾ, ನಾನು ದಿನಾ ಕತ್ತಲ ಬಾವೀಲಿ ನೇತಾಡ್ಕೊಂಡು ಲಿಫ್ಟ್ ರಿಪೇರಿ ಮಾಡೋನು. ಅಲ್ಲೂ ಯಾರೂ ನಂಗೆ ಹೀಗೆ ಅವಸರ ಮಾಡಿಲ್ಲ. ಸಾಯೋಕೂ ಟೈಮ್ ಕೊಡಲ್ವಾ?" ಎಂದವನು ಜಾಕೆಟ್ ತೆಗೆದುಕೊಂಡು ಹೊರಟೇಹೋದ. ಮೈದುನ ಚಪ್ಪಾಳೆ ತಟ್ಟಿದ. "ಶಾಭಾಸ್ ಅತ್ತಿಗೆ. ಬರೋ ವಾರ ಇನ್ನೊಂದಾಟ ನೋಡೋಣ. ಆಮೇಲೆ ಕೈ ಎತ್ತಿಸೋಣ, ಈ ಕುರ್ಚಿ ಯಾರಿಗೆ ಅಂತ."

ಎಲ್ಲರೂ ಹೋದ ಮೇಲೆ ಅವಳು ಡಬ್ಬಿಯನ್ನು ಕಸದ ಬುಟ್ಟಿಗೆ ಎಸೆದಳು. ಗಂಡ ಅವಳ ಎದುರು ಕೂತು ಸ್ಲೇಟಿನ ಮೇಲೆ ಬರೆದು ತಿರುಗಿಸಿ ತೋರಿಸಿದ: 'ಗಂಟೆ ನೋಡಬಾರದು. ಮುಖ ನೋಡಬೇಕು.' ಒರೆಸಿ ಮತ್ತೆ ಬರೆದ. 'ಕೂಗು ನಿಂತ ಮೇಲೆ ಸುತ್ತಿಗೆ ಬಡಿಯೋದಲ್ಲ. ಇನ್ನೂ ಆಸೆ ಇರೋವಾಗಲೇ ಬಡೀಬೇಕು. ಆಗ ಮುಂದಿನ ಸರಕಿಗೂ ನಿಲ್ಲುತ್ತಾರೆ.'

ಮಂಡಿಯ ಮಾತು. ಅವಳು ಎರಡು ಸಲ ಓದಿದಳು. ಸರಿಯಾದ ಮಾತೇ. ಸರಿಯಾದ ಮಾತೆಂದು ಗೊತ್ತಾದ ಕ್ಷಣದಲ್ಲೇ ಇನ್ನೊಂದೂ ಗೊತ್ತಾಯಿತು.

"ಇದು ನಿನಗೆ ಮೊದಲೇ ಗೊತ್ತಿತ್ತು."

ಅವನು ಹೌದೆಂದು ತಲೆಯಾಡಿಸಿದ.

"ಏಳು ತಿಂಗಳಿಂದ ನಾನು ಇವರ ಬಾಯಿಗೆ ಬೀಳ್ತಿದ್ದೀನಿ. ಏಳು ತಿಂಗಳು ಸುಮ್ನೆ ಕೂತು ನೋಡಿದೆಯಾ?"

'ನೀನು ಕೇಳಲಿಲ್ಲ.'

"ಕೇಳಲಿಲ್ಲ! ನಾನು ಮುಗ್ಗರಿಸ್ಬೇಕು ಅಂತಲೇ ನೀನು ನನ್ನನ್ನ ಕೂರಿಸಿದ್ದು, ಅಲ್ವಾ? ತಮ್ಮ ಕೂತ್ರೆ ಚೆನ್ನಾಗಿ ಆಡಿಸಿಬಿಡ್ತಾನೆ. ಇವಳಾದ್ರೆ ಭಯ ಇಲ್ಲ. ಎಲ್ಲರೂ ನಿನ್ನ ಕಾಲಾನೇ ನೆನೆಸ್ಕೊಂಡು ಕೂತಿರ್ತಾರೆ."

ಗಂಡ ಬಳಪವನ್ನು ಸ್ಲೇಟಿಗೆ ಮುಟ್ಟಿಸಿದ. ಬರೆಯಲಿಲ್ಲ. ಅವಳು ಕಾದಳು. ಅಷ್ಟು ತಿಂಗಳಲ್ಲಿ ಅವನಿಗಾಗಿ ಅತ್ಯಂತ ಹೆಚ್ಚು ಹೊತ್ತು ಕಾದದ್ದು ಅವತ್ತೇ ಇರಬೇಕು. ಸ್ಲೇಟು ಕಪ್ಪಗೇ ಉಳಿಯಿತು. ಅವಳು ಅವನ ಬೆರಳುಗಳಿಂದ ಬಳಪ ಕಿತ್ತುಕೊಂಡು ಎರಡು ತುಂಡು ಮಾಡಿ ಮೇಜಿನ ಮೇಲಿಟ್ಟು ಎದ್ದಳು. ಆ ವಾರವೆಲ್ಲ ಮನೆಯಲ್ಲಿ ಇಬ್ಬರು ಮೂಕರಿದ್ದರು.

ಮಾತಿಲ್ಲದ ಆ ವಾರದಲ್ಲಿ ಅವಳು ಬರೆದಿಟ್ಟಿದ್ದ ಏಳು ದೃಶ್ಯಗಳಲ್ಲಿ ನಾಲ್ಕನ್ನು ಹೊಡೆದುಹಾಕಿದಳು. ಉಳಿದ ಮೂರರಲ್ಲಿ ನಡುವಿನದಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿದಳು: ಹೊತ್ತಾದರೆ ಇದೂ ಬೇಡ. ಕೋಟೆಯ ಕಲ್ಲುಗಳಿಗೆ ಅಡ್ಡಗೀಟು. ನಡಿಗೆ, ಊಟ, ನಿದ್ದೆ, ಕಾವಲುಗಾರರ ಕೂಡ ಹರಟೆ, ಎಲ್ಲಕ್ಕೂ ಅಡ್ಡಗೀಟು. ಹೊಡೆದುಹಾಕುವಾಗ ಒಂದೊಂದೂ ಹಲ್ಲು ಕಿತ್ತ ಹಾಗೆ ನೋಯಿತು. ಆದರೆ ಸಿಟ್ಟಿನಲ್ಲಿದ್ದಳು, ಹೊಡೆಯುತ್ತಲೇ ಹೋದಳು. ಶುಕ್ರವಾರ ಲಿಫ್ಟ್ ಮೆಕ್ಯಾನಿಕ್‌ನ ಕೆಲಸದ ಜಾಗಕ್ಕೆ ಹೋಗಿ, ಲಿಫ್ಟಿನ ಬಾವಿಯೊಳಕ್ಕೆ ಬಗ್ಗಿ ಕೂಗಿದಳು: "ತಪ್ಪಾಯ್ತು ಕಣಪ್ಪಾ. ನಿನ್ನ ವೈದ್ಯ ಇನ್ನೂ ಸತ್ತಿಲ್ಲ. ಬಂದು ನಿಧಾನಕ್ಕೆ ಸಾಯಿ." ಕೆಳಗೆ ಸ್ಪ್ಯಾನರಿನ ಸದ್ದು ನಿಂತಿತು. ಆಮೇಲೆ, "ಎರಡು ಗಂಟೆಗೇ ತಾನೆ?" ಎಂದು ಕೇಳಿಸಿತು.

ಭಾನುವಾರ ಎರಡು ಹೊಡೆಯುತ್ತಲೇ ಅವಳು ಶುರುಮಾಡಿದಳು. ಮೈದುನ ಇನ್ನೂ ಸ್ಟೂಲು ಎಳೆದುಕೊಳ್ಳುತ್ತಿದ್ದ.

"ಹಗ್ಗದ ಸೇತುವೆಗೆ ಬೆಂಕಿ ಬಿದ್ದಿದೆ. ನೀನೂ ವೈದ್ಯನೂ ಸೇತುವೆ ಮಧ್ಯದಲ್ಲಿದೀರ. ಬಿಲ್ಲುಗಾತಿ, ಅಂಬಿಗ ಆಚೆ ದಡದಲ್ಲಿ. ಹಿಂದಿನಿಂದ ಸೈನಿಕರು ಬರ್ತಿದಾರೆ."

"ಅರೆ, ಸೇತುವೆಗೆ ಯಾವಾಗ ಬಂದ್ವಿ? ನಾವು ಕೋಟೆ ಒಳಗಿದ್ವಿ!"

"ಹೊರಗೆ ಬಂದ್ರಿ. ನಡೆದಿದ್ದನ್ನ ಯಾಕೆ ಹೇಳ್ಲಿ? ಕಾಲು ಎಲ್ಲರಿಗೂ ಇದೆ." ನಾಲ್ವರ ಮುಂದೂ ಒಂದೊಂದು ಚೀಟಿ, ಒಂದೊಂದು ಪೆನ್ಸಿಲ್ ಎಸೆದಳು. "ಮಾತು ಬೇಡ. ಏನು ಮಾಡ್ತೀರೋ ಬರೀರಿ. ಎಲ್ಲರೂ ಒಟ್ಟಿಗೆ. ಮೂವತ್ತು ಎಣಿಸ್ತೀನಿ."

ಅವಳು ಎಣಿಸಿದಳು. ಗಡಿಯಾರ ನೋಡಲಿಲ್ಲ, ಮುಖಗಳನ್ನು ನೋಡಿದಳು. ಗಂಡ ಏಳಕ್ಕೇ ಬರೆದು ಮುಗಿಸಿ ಕೈಕಟ್ಟಿ ಕೂತಿದ್ದ. ಕಡಿಮೆ ಪದಗಳಲ್ಲಿ ಬದುಕುವುದು ಈಗ ಅವನಿಗೆ ಕರಗತ. ಮೈದುನ ಪೆನ್ಸಿಲ್ ಕಚ್ಚಿದ, ಬರೆದ, ಹೊಡೆದುಹಾಕಿದ, ಮತ್ತೆ ಬರೆಯಹೊರಟ. ಮೂವತ್ತಕ್ಕೆ ಅವಳು ಚೀಟಿಗಳನ್ನು ಸರಕ್ಕನೆ ಎಳೆದುಕೊಂಡಳು. ಮೈದುನನದು ಹೀಗಿತ್ತು: 'ನಾನು ಮೊದಲು ಸುತ್ತ ಒಂದು ಸಲ ನೋಡಿ, ಗಾಳಿ ಯಾವ ಕಡೆ ಬೀಸ್ತಿದೆ ಅಂತ'. ವೈದ್ಯನದು: 'ಎದೆಯ ಈಟಿ ಹಿಡ್ಕೊಂಡೇ ಆಚೆ ದಡಕ್ಕೆ ಕುಂಟುತ್ತಾ ಓಡ್ತೀನಿ.' ಗಂಡನ ಚೀಟಿಯಲ್ಲಿ ಎರಡೇ ಪದ. 'ಹಗ್ಗ ಕಡಿಯುತ್ತೇನೆ.'

ಅವಳು ಓದಿದಳು: "ವೈದ್ಯ ಕುಂಟುತ್ತಾ ಓಡಿ ದಡ ಮುಟ್ಟಿದ. ನೀನು ಗಾಳಿ ಯಾವ ಕಡೆ ಬೀಸ್ತಿದೆ ಅಂತ ನೋಡ್ತಾ ನಿಂತಿದ್ದೆ. ಅಂಬಿಗ ಹಗ್ಗ ಕಡಿದ. ಸೇತುವೆ ಸೈನಿಕರ ಸಮೇತ ಕಳಚಿತು. ನೀನು ಬೀಳ್ತಿದೀಯ."

"ಅಣ್ಣಾ! ನಾನು ಅದರ ಮೇಲಿದ್ದೆ!"

ಗಂಡನ ಹೆಗಲು ಕುಣಿಯುತ್ತಿತ್ತು. ಸದ್ದೇ ಇಲ್ಲದ ನಗು.

"ಬೀಳ್ತಿದೀಯ," ಎಂದು ಹಲ್ಲಕ್ಕ ಇನ್ನೊಮ್ಮೆ ಹೇಳಿ ಓರಗಿತ್ತಿಯ ಕಡೆ ತಿರುಗಿದಳು. "ಬಿಲ್ಲುಗಾತಿ, ನಿನ್ನ ಬೆನ್ನ ಹಿಂದೆ ಯಾರೋ ಇದಾರೆ."

ಮೈದುನ ಹನ್ನೊಂದು ನಿಮಿಷ ಗಾಳಿಯಲ್ಲೇ ಇದ್ದ. ಮೊದಲ ಎರಡು ನಿಮಿಷ ಕೂಗಾಡಿದ, ಅವಳು ಅತ್ತ ನೋಡಲಿಲ್ಲ. ಆಮೇಲೆ, ತನಗೆ ಗೊತ್ತಿಲ್ಲದೆಯೇ, ಮೇಜಿನ ಮೇಲೆ ಮೊಣಕೈ ಊರಿ ಮುಂದೆ ಬಾಗಿ ಹೆಂಡತಿ ಹೇಳುವುದನ್ನು ಕೇಳತೊಡಗಿದ. ಅದನ್ನು ಹಲ್ಲಕ್ಕ ಕಂಡಳು. ಬಾಣ ಬಿಲ್ಲಿನಿಂದ ಚಿಮ್ಮಿದ ಕ್ಷಣದಲ್ಲೇ ಆ ದೃಶ್ಯ ಕತ್ತರಿಸಿ, "ಈಗ ನೀನು. ದಾಳ ಹಾಕು," ಅಂದಳು. ಅವನು ತಡಬಡಾಯಿಸಿ ದಾಳ ಹಾಕಿದ. ಬಂಡೆಯ ಕೊರಕಲು ಕೈಗೆ ಸಿಕ್ಕಿತು.

ವೈದ್ಯ ಆಚೆ ದಡದಲ್ಲಿ ಸತ್ತ. ಅವನಿಗೆ ಚೀಟಿ ಇರಲಿಲ್ಲ, ಎಣಿಕೆ ಇರಲಿಲ್ಲ. ಒಂಬತ್ತು ನಿಮಿಷ ಸತ್ತ. ಪೆನ್ಸಿಲ್ ಸುತ್ತು ಹಾಕಿದ್ದ ದೃಶ್ಯವನ್ನು ಅವಳು ಬಿಟ್ಟೇಬಿಟ್ಟಳು. ಅಂಥದೊಂದು ಇತ್ತೆಂದು ಅವರಿಗೆ ತಿಳಿಯಲೇ ಇಲ್ಲ. ಆರಕ್ಕೆ ಎಂಟು ನಿಮಿಷ ಇರುವಾಗ ಕಾಗದ ಮಡಿಸಿ, "ಇವತ್ತಿಗೆ ಮುಗೀತು," ಅಂದಳು.

"ಕುರ್ಚಿ ನಂಗೆ ಅನ್ನೋರು ಕೈ ಎತ್ತಿ," ಅಂದ ಮೈದುನ. ತನ್ನದನ್ನು ಎತ್ತಿಯೂ ಬಿಟ್ಟ. ಲಿಫ್ಟ್ ಮೆಕ್ಯಾನಿಕ್ ಕೈಯನ್ನು ಜೇಬಿಗೆ ಹಾಕಿಕೊಂಡ. ಮೈದುನ ಹೆಂಡತಿಯ ಕಡೆ ನೋಡಿದ. ಅವಳು ಚೀಲದ ಜಿಪ್ ಎಳೆಯುತ್ತಿದ್ದಳು.

"ನೀನೂನಾ?"

"ಕಥೆ ಮುಗಿಸ್ಕೊಂಡು ಅಂಗಡಿಗೆ ಹೋಗ್ತಿರೋದು ಇವತ್ತೇ ಮೊದಲು," ಅಂದಳು ಓರಗಿತ್ತಿ. "ನನ್ನ ಕಡೆ ನೋಡ್ಬೇಡಿ."

"ಇದು ಆಟ ಅಲ್ಲ, ಪರೀಕ್ಷೆ! ಚೀಟಿ ಅಂತೆ, ಎಣಿಕೆ ಅಂತೆ! ನನ್ನ ಬಾಯಿ ಮುಚ್ಚಿಸೋಕೆ ಮಾಡಿದ್ದು ಇದೆಲ್ಲ."

"ಹೌದು," ಅಂದಳು ಹಲ್ಲಕ್ಕ. "ಅದಕ್ಕೇ ಮಾಡಿದ್ದು."

ಮೈದುನ ಮುಷ್ಟಿಯಲ್ಲಿದ್ದ ದಾಳಗಳನ್ನು ಬೀಸಿ ಎಸೆದ. ಅವು ಕಪಾಟಿಗೆ ಬಡಿದವು. ಒಂದು ದವಡೆ ಉರುಳಿ ನೆಲಕ್ಕೆ ಬಿದ್ದು ಮೂರು ಚೂರಾಯಿತು. ಮಾರನೇ ದಿನ ಹಲ್ಲು ಕಟ್ಟಿ ಕೊಡಬೇಕಿದ್ದ, ಯಾವುದೋ ಅಜ್ಜಿಯ ಕೆಳದವಡೆ. ಅವನು ಒಂದು ಗಳಿಗೆ ಅದನ್ನೇ ನೋಡಿದ. ತಪ್ಪಾಯಿತು ಎನ್ನಲು ಬಾಯಿ ತೆರೆದ ಹಾಗಿತ್ತು. ಬದಲಿಗೆ ಎದ್ದು ಹೊರಟ. ಬಾಗಿಲು ಬಡಿದ ರಭಸಕ್ಕೆ ಉಳಿದ ದವಡೆಗಳೆಲ್ಲ ಕಟಕಟಿಸಿದವು.

ಹಲ್ಲಕ್ಕ ಚೂರು ಆಯುತ್ತಿದ್ದಾಗ ಗಂಡ ಸ್ಲೇಟು ಹಿಡಿದು ಬಂದು ನಿಂತ. 'ಚೆನ್ನಾಗಿತ್ತು. ನಡುವಿನ ಭಾಗ ಸ್ವಲ್ಪ ಎಳೆಯಿತು.'

"ಒರೆಸು," ಅಂದಳು ಅವಳು, ತಲೆ ಎತ್ತದೆ. "ಮೊದಲನೇ ಸಾಲು ಇರಲಿ. ಎರಡನೇದು ಒರೆಸು."

ಮೈದುನ ಎರಡು ಬೀದಿ ಆಚೆ, ಡ್ರೈವಿಂಗ್ ಶಾಲೆಯ ಹಿಂದಿನ ಕೋಣೆಯಲ್ಲಿ ತನ್ನದೇ ಮೇಜು ಹಾಕಿದ. ಬೇಕಂತಲೇ ಭಾನುವಾರ ಎರಡು ಗಂಟೆಗೆ. ಅವನ ಹೆಂಡತಿ ಮಾತ್ರ ಅಕ್ಕನ ಮೇಜನ್ನು ಬಿಡಲಿಲ್ಲ. ಆ ಮನೆಯಲ್ಲಿ ಭಾನುವಾರ ಮಧ್ಯಾಹ್ನದ ಊಟವನ್ನು ಇಬ್ಬರೂ ಬೇರೆಬೇರೆ ಹೊತ್ತಿಗೆ ಮಾಡುತ್ತಾರೆಂದು ಸುದ್ದಿ. ಅತ್ತಿಗೆ, ಮೈದುನ ಬೀದಿಯಲ್ಲಿ ಎದುರಾದರೆ ಒಬ್ಬರು ಪಕ್ಕಕ್ಕೆ ದಾಟುತ್ತಾರೆ. ಮೂರು ವರ್ಷವಾಯಿತು.

ಹಲ್ಲಕ್ಕನ ಮೇಜಿಗೆ ಈಗ ಏಳು ಜನ. ಎರಡು ಗಂಟೆ ಒಂದು ನಿಮಿಷಕ್ಕೆ ಚಿಲಕ ಬೀಳುತ್ತದೆ. ತಡವಾಗಿ ಬಂದವರು ಎಷ್ಟು ಬಡಿದರೂ ಅಷ್ಟೇ. ಗಂಡಸರ ಹಾಗೆ ಗದರಿಸುತ್ತಾಳೆ, ಮುಖದ ಮೇಲೆ ಹೊಡೆದ ಹಾಗೆ ಮಾತು ಕತ್ತರಿಸುತ್ತಾಳೆ ಎಂದು ಹೊಸಬರು ಗೊಣಗುತ್ತಾರೆ. ಗೊಣಗಿದವರೇ ಮುಂದಿನ ವಾರ ಹತ್ತು ನಿಮಿಷ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿರುತ್ತಾರೆ. ಹಳೆಯ ಹಲ್ಲಕ್ಕ ಹೀಗಿರಲಿಲ್ಲ ಎಂದು ಲಿಫ್ಟ್ ಮೆಕ್ಯಾನಿಕ್ ಒಮ್ಮೆ ಹೇಳಿದ. ಅದು ಹೊಗಳಿಕೆಯೋ ತೆಗಳಿಕೆಯೋ ಅವಳಿಗೆ ತಿಳಿಯಲಿಲ್ಲ, ಕೇಳಲೂ ಇಲ್ಲ. ಗಂಡನಿಗೆ ಆಕೆ ಆ ಏಳು ತಿಂಗಳನ್ನು ಇವತ್ತಿಗೂ ಕ್ಷಮಿಸಿಲ್ಲ. ಅವನೂ ಕ್ಷಮೆ ಕೇಳಿಲ್ಲ. ಊಟ, ನಿದ್ದೆ, ಔಷಧಿ ಎಲ್ಲ ನಡೆಯುತ್ತವೆ.

ಹೋದ ತಿಂಗಳು ಅವನು ಒಂದು ಕೋರಿಕೆ ಬರೆದು ಅವಳ ಕೆಲಸದ ಮೇಜಿನ ಮೇಲಿಟ್ಟ. ಕಥೆಯಲ್ಲಿ ಬರುವ ಉಪ್ಪಿನ ರಾಜ, ಎಲ್ಲರ ಶತ್ರು, ಭಾನುವಾರ ಮೊದಲ ಸಲ ಕಾಣಿಸಿಕೊಳ್ಳಲಿದ್ದ. ಅವನ ಮಾತುಗಳನ್ನು ತಾನು ಬರೆದುಕೊಡಲೇ, ನೀನು ಓದುತ್ತೀಯಾ, ಎಂದು.

ಹಲ್ಲಕ್ಕ ಮೇಣ ಕೆತ್ತುವ ಚಾಕು ಕೆಳಗಿಟ್ಟಳು. "ನಾಲ್ಕು ಸಾಲು," ಅಂದಳು. "ಐದನೇದು ಬರೆದ್ರೆ ಓದಲ್ಲ."

ವಾರವೆಲ್ಲ ಅವನು ತೂಕದ ಕೋಣೆಯ ಚೀಟಿಗಳ ಹಿಂದೆ ಗೀಚಿದ, ಹೊಡೆದುಹಾಕಿದ, ಮತ್ತೆ ಗೀಚಿದ. ಭಾನುವಾರ ರಾಜ ಸಭೆಗೆ ಕಾಲಿಟ್ಟ ಹೊತ್ತಿಗೆ ಅವಳು ಕೈಚಾಚಿದಳು. ಅವನು ಕಾಗದ ಕೊಟ್ಟ. ಐದು ಸಾಲಿತ್ತು.

ಅವಳು ನಾಲ್ಕು ಓದಿ ಕಾಗದ ಮಡಿಸಿಟ್ಟಳು.